ಎರಡು ಸ್ಪೀಕರಿನ ಪ್ಲೇಟು

ಮಾರ್ಚ್ 2, ಸೋಮವಾರ. ಸಂಜೆ

ಇವತ್ತು ಮೂವತ್ತೊಂದು ಸಲ. ಅದೇ ಗ್ರಾಮಫೋನ್ ಪ್ಲೇಟು, ಅದೇ ಹಾಡುಗಾರ್ತಿ, ಮೂರನೇ ಹಾಡಿನಲ್ಲಿ ಅದೇ ನಿಟ್ಟುಸಿರು. ಮೊದಲ ದಿನ ಆ ನಿಟ್ಟುಸಿರಿಗೆ ಕಣ್ಣು ತುಂಬಿತ್ತು. ಈಗ ಅದು ಬಂದರೆ ಟೀ ಹೊತ್ತು ಹತ್ತಿರವಾಯಿತು ಅಂತ ಲೆಕ್ಕ.

ಹನ್ನೊಂದು ವರ್ಷದಿಂದ ಇದೇ ಕೆಲಸ. ಕಾರ್ಖಾನೆಯಲ್ಲಿ ಒತ್ತಿದ ಪ್ಲೇಟುಗಳಲ್ಲಿ ನೂರಕ್ಕೊಂದು ನಮ್ಮ ಗಾಜಿನ ಗೂಡುಗಳಿಗೆ ಬರುತ್ತದೆ. ಕೂತು ಕೇಳಬೇಕು. ಟಿಕ್ ಅಂದರೆ, ಚರಚರ ಅಂದರೆ, ಎಷ್ಟನೇ ನಿಮಿಷ ಅಂತ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು. ನಾನು ಬರೆದರೆ ಮೆಷಿನ್ ನಿಲ್ಲುತ್ತದೆ. ಮನೆಯಲ್ಲಿ ನನ್ನ ಮಾತಿಗೆ ಫ್ಯಾನೂ ನಿಲ್ಲುವುದಿಲ್ಲ.

ಈ ಪ್ಲೇಟು ಬೇರೆ ಥರ. ಇಷ್ಟು ದಿನ ಒಂದೇ ಸ್ಪೀಕರು. ಈಗ ಎರಡು. ಪಿಟೀಲು ಎಡಗಡೆ, ಡ್ರಮ್ಮು ಬಲಗಡೆ, ಹಾಡುಗಾರ್ತಿ ಮಧ್ಯೆ ನಿಂತ ಹಾಗೆ. ನಮ್ಮಲ್ಲಿ ಇದೇ ಮೊದಲು. ಹದಿನಾಲ್ಕರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಅಂಗಡಿಗಳಲ್ಲೂ ಒಟ್ಟಿಗೆ ಬಿಡುಗಡೆ. ಆ ದಿನದ ಮಾತು ಬಂದರೆ ಸಾಕು, ಸೂಪರ್‌ವೈಸರ್ ಟೈ ಸರಿಮಾಡಿಕೊಳ್ಳುತ್ತಾರೆ. "ಚರಿತ್ರೆ ಕಣ್ರೀ! ಹಾಡಿನ ಚರಿತ್ರೇಲಿ ಈ ತಾರೀಕು ಉಳಿಯುತ್ತೆ, ನೋಡ್ತಾ ಇರಿ."

ಬೋರ್ಡಿನಲ್ಲಿ ನೋಟೀಸು. ಎರಡು ಸ್ಪೀಕರಿಗೆ ಎರಡು ಕಿವಿ ಬೇಕಂತೆ. ಹನ್ನೆರಡನೇ ತಾರೀಕು ಎಲ್ಲರಿಗೂ ಕಿವಿ ಪರೀಕ್ಷೆ. ಫೇಲಾದವರು ಕವರ್ ಸೆಕ್ಷನ್ನಿಗೆ — ದಿನವಿಡೀ ಪ್ಲೇಟನ್ನು ಕವರಿಗೆ ತೂರಿಸುವುದು.

ಇಲ್ಲಿ ಬರೆಯುತ್ತೇನೆ, ಬೇರೆಲ್ಲೂ ಹೇಳುವುದಿಲ್ಲ. ಎಡಗಿವಿಯಲ್ಲಿ ಚಳಿಗಾಲದಿಂದ ಒಂದು ಸೀಟಿ, ಅದರಾಚೆ ಬೇರೇನೂ ಕೇಳಿಸುವುದಿಲ್ಲ. ಒಲೆಯ ಮೇಲೆ ಕೆಟಲ್ ಇಟ್ಟು ಮರೆತ ಹಾಗೆ. ಎದ್ದು ಹೋಗಿ ನೋಡಿದ್ದೂ ಉಂಟು. ಒಲೆ ಆರಿತ್ತು.

ಮಾರ್ಚ್ 4

ಮಗಳ ಕಾಟ ತಡೆಯಲಾಗುತ್ತಿಲ್ಲ. "ಒಂದೇ ಸಾಲು ಅಮ್ಮಾ. ಒಂದೇ ಒಂದು. ಯಾರಿಗೂ ಹೇಳಲ್ಲ." ಹದಿನಾಲ್ಕು ವರ್ಷದವಳು, ಹಾಡುಗಾರ್ತಿಯ ಫೋಟೋ ಗಣಿತದ ಪುಸ್ತಕದೊಳಗೆ. ಬಿಡುಗಡೆಗೆ ಮುಂಚೆ ಹೊರಗೆ ಗುನುಗಿದರೂ ಕೆಲಸ ಹೋಗುತ್ತದೆ ಅಂತ ನಮ್ಮ ಕೈಲಿ ಸಹಿ ಹಾಕಿಸಿಕೊಂಡಿದ್ದಾರೆ. ಬೈದು ಕಳಿಸಿದೆ. ಇವರೂ ಬಂದರು. "ನಂಗೂ ಹೇಳಲ್ವೇನೇ?" ಬಸ್ ಡಿಪೋದ ಮೆಕಾನಿಕ್ಕು, ಇಂಜಿನ್ ಸದ್ದು ಬಿಟ್ಟರೆ ಬೇರೆ ಸಂಗೀತ ಗೊತ್ತಿಲ್ಲ, ಇವರಿಗೂ ಬೇಕಂತೆ.

ಉಪಾಯವೊಂದು ಹೊಳೆದಿದೆ. ಕುರ್ಚಿಯನ್ನು ದಿನಾ ಒಂದಿಷ್ಟು ತಿರುಗಿಸಿ, ಬಲಗಿವಿ ಬಲ ಸ್ಪೀಕರಿನ ಮುಂದೆಯೇ ಬರುವ ಹಾಗೆ ಕೂರುವುದು. ಒಂದು ಕಡೆಯಾದರೂ ಪೂರ್ತಿ ಸಿಗುತ್ತದೆ. ಪಕ್ಕದ ಗೂಡಿನ ಅಕ್ಕ ಗಾಜಿನಾಚೆಯಿಂದ ಕನ್ನಡಕದ ಮೇಲಿಂದ ನೋಡಿದರು. ಇಪ್ಪತ್ತಾರು ವರ್ಷ ಸರ್ವೀಸು. ಅವರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ಮಾರ್ಚ್ 6

ಟಿಕ್! ಮೂರನೇ ಹಾಡು, ಎರಡು ನಿಮಿಷ ಹತ್ತು ಸೆಕೆಂಡು. ನಾಲ್ಕನೇ ಮೆಷಿನ್ನಿನ ಪ್ಲೇಟು. ಸೂಪರ್‌ವೈಸರಿಗೂ ಕೇಳಿಸಿತು, ಅಕ್ಕನಿಗೂ ಕೇಳಿಸಿತು. ಆ ಮೆಷಿನ್ನಿನ ಅಚ್ಚು ಬದಲಾಯಿಸಿದರು. "ನಿಮ್ಮ ಕಿವಿಗೆ ಬಂಗಾರದ ಓಲೆ ಮಾಡಿಸ್ಬೇಕು ಕಣ್ರೀ" ಅಂದರು ಸೂಪರ್‌ವೈಸರ್. ಮೈಯೆಲ್ಲ ಹಗುರ. ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ. ಸೀಟಿ ಇದ್ದರೆ ಇರಲಿ. ಇನ್ನೂ ಕೇಳಿಸುತ್ತಿದೆಯಲ್ಲ.

ಮಾರ್ಚ್ 9

ಹೊಸ ಅಚ್ಚು. ಅದೇ ಜಾಗ. ಮತ್ತೆ ಟಿಕ್.

ಬರೆದೆ. ಮೆಷಿನ್ ನಿಂತಿತು. ಸೂಪರ್‌ವೈಸರ್ ಅಕ್ಕನ ಗೂಡಿನಲ್ಲಿ ಕೂತು ಕೇಳಿದರು — ಏನೂ ಇಲ್ಲ. ಅಕ್ಕ ಕೇಳಿದರು — ಇಲ್ಲ. ಇನ್ನಿಬ್ಬರನ್ನು ಕರೆಸಿದರು — ಇಲ್ಲ. ನಾನು ನನ್ನ ಗೂಡಿಗೆ ಬಂದು ಕೂತರೆ ಸ್ಪಷ್ಟವಾಗಿ ಇದೆ. ಎರಡು ಗಂಟೆ ಮೆಷಿನ್ ಖಾಲಿ ನಿಂತಿತ್ತು. ಕೊನೆಗೆ ಅವರೇ ಕಾರ್ಡಿನ ಮೇಲೆ ಅಡ್ಡಗೆರೆ ಎಳೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಸಮಾಧಾನ ಹೇಳಿದರು. "ಅದು ನೆನಪಿನ ಟಿಕ್ಕು ಕಣೇ. ಒಂದು ಪ್ಲೇಟು ಇನ್ನೂರು ಸಲ ಕೇಳಿದ ಮೇಲೆ, ಹೋದ ಟಿಕ್ಕೂ ಅಲ್ಲೇ ಕೂತಿರುತ್ತೆ. ನಮ್ಮ ಕೆಲಸದೋರಿಗೆಲ್ಲ ಆಗುತ್ತೆ. ನಂಗೂ ಆಗಿದೆ."

ಇರಬಹುದು. ಹಾಗಾದರೆ ನನ್ನ ಎಡಗಿವಿ ಕೇಳುವುದಿಲ್ಲ, ಬಲಗಿವಿ ಇಲ್ಲದ್ದನ್ನು ಕೇಳುತ್ತದೆ. ಇನ್ನೇನು ಉಳಿಯಿತು?

ಮಾರ್ಚ್ 10

ಊಟದ ಹೊತ್ತಿನಲ್ಲಿ ಅಕ್ಕ ನೇರವಾಗಿ ಕೇಳಿದರು. "ಯಾವುದು? ಎಡಗಡೇದಾ?" ತಲೆ ಆಡಿಸಿದೆ. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಕಿವಿ ಪರೀಕ್ಷೆ ಮಾಡೋ ನರ್ಸು ಸದ್ದಿನ ಬಟನ್ ಒತ್ತೋದು ಗಡಿಯಾರದ ಥರ. ನಾಲ್ಕು ಎಣಿಸು, ಬೆರಳೆತ್ತು. ಮತ್ತೆ ನಾಲ್ಕು. ತಾಳ ತಪ್ಪದಿದ್ರೆ ಪಾಸು."

ತಾಳ ನಾನು ತಪ್ಪುವುದಿಲ್ಲ.

ಮಾರ್ಚ್ 11

ಸಿಕ್ಕಿಬಿದ್ದೆ. ಪಾತ್ರೆ ತೊಳೆಯುತ್ತಿದ್ದೆ, ಮಗಳು ಎದುರು ಬಂದು ನಿಂತಳು. ಮುಖ ಬಿಳಿಚಿತ್ತು.

"ಅಮ್ಮಾ, ನಿನ್ನ ಎಡಗಡೆ ನಿಂತ್ಕೊಂಡು ಮೂರು ಸಲ ಕೇಳಿದೆ, ಒಂದು ಸಾಲು ಹೇಳಮ್ಮಾ ಅಂತ. ನೀನು ಬೈಲೇ ಇಲ್ಲ."

ಅಷ್ಟೇ. ಅವಳೂ ಅತ್ತಳು, ನಾನೂ ಅತ್ತೆ. ಇವರಿಗೂ ಹೇಳಿದೆ, ಅಕ್ಕನ ನಾಲ್ಕು ಎಣಿಸುವ ಉಪಾಯವನ್ನೂ. "ಹಾಗಾದ್ರೆ ನಾನು ಹೇಳಿದ್ದು ಕೇಳಿಸ್ಲಿಲ್ಲ ಅಂತಿದ್ದದ್ದೆಲ್ಲ ನಿಜಾನಾ? ಬೇಕಂತಲೇ ಮಾಡ್ತೀಯ ಅಂದ್ಕೊಂಡಿದ್ದೆ" ಅಂದರು. ಅಳುವಿನ ನಡುವೆಯೇ ನಗು ಬಂತು. ಆಮೇಲೆ ನನ್ನ ಬಲಗಡೆಗೆ ಬಂದು ಕೂತರು. "ಎಣಿಸೋದೋ ಬಿಡೋದೋ, ನಿನ್ನಿಷ್ಟ. ನಾವಂತೂ ಇದ್ದೀವಿ."

ಮಾರ್ಚ್ 12

ಬಲಗಿವಿ — ನೀರು ಕುಡಿದಷ್ಟು ಸಲೀಸು.

ಎಡಗಿವಿ. ಸೀಟಿ ಬಿಟ್ಟು ಬೇರೇನಿಲ್ಲ. ನಾಲ್ಕು ಎಣಿಸಿದೆ, ಬೆರಳೆತ್ತಿದೆ. ನರ್ಸು ಗುರುತು ಹಾಕಿಕೊಂಡಳು. ಮತ್ತೆ ನಾಲ್ಕು. ಮತ್ತೆ ಗುರುತು. ಇಷ್ಟು ಸುಲಭವೇ! ಮೂರನೆಯದಕ್ಕೆ ಕೈ ಏಳಲಿಲ್ಲ. ಹನ್ನೊಂದು ವರ್ಷ ಕಾರ್ಡಿನಲ್ಲಿ ಕೇಳಿಸಿದ್ದನ್ನಷ್ಟೇ ಬರೆದಿದ್ದೇನೆ. ಸೋಮವಾರವೂ ಊರೆಲ್ಲ ಇಲ್ಲ ಅಂದಾಗ ಕೇಳಿಸಿದ್ದನ್ನೇ ಬರೆದೆ. ಇಲ್ಲಿ ಸುಳ್ಳು ಬೆರಳೆತ್ತಿದರೆ ಆ ಕಾರ್ಡೂ ಸುಳ್ಳಾಗುತ್ತದೆ ಅನ್ನಿಸಿತು.

"ಈ ಕಡೆ ಏನೂ ಕೇಳಿಸ್ತಿಲ್ಲ" ಅಂದೆ. "ಆಗ ಎತ್ತಿದ್ದೂ ಸುಳ್ಳು. ಹೊಡೆದು ಹಾಕಿ."

ನರ್ಸು ರಬ್ಬರು ಹುಡುಕಿದಳು. ಹೊರಗೆ ಬಂದೆ.

ಮಾರ್ಚ್ 13, ಶುಕ್ರವಾರ

ಏನು ದಿನವಪ್ಪಾ!

ಬೆಳಿಗ್ಗೆ ಸೂಪರ್‌ವೈಸರ್ ನನ್ನ ಗೂಡಿಗೇ ಬಂದರು, ಕೈಯಲ್ಲಿ ರಿಪೋರ್ಟು. "ಮತ್ತೆ ಇಷ್ಟು ದಿನ ಹೇಗೆ ಕೇಳ್ತಾ ಇದ್ರಿ?" ಕುರ್ಚಿ ತೋರಿಸಿದೆ. ಹೇಗೆ ತಿರುಗಿಸಿ ಕೂರುತ್ತಿದ್ದೆ, ಕಿವಿ ಎಲ್ಲಿಗೆ ಬರುತ್ತಿತ್ತು, ಎಲ್ಲ. ಬೈಗುಳ ಬರುತ್ತದೆ ಅಂತ ಕಾದೆ. ಅವರು ಟೈ ಹಿಂದಕ್ಕೆ ಎಸೆದು ಅದೇ ಕುರ್ಚಿಯಲ್ಲಿ, ಅದೇ ಕೋನದಲ್ಲಿ ಕೂತರು. ನಾಲ್ಕನೇ ಮೆಷಿನ್ನಿನ ಪ್ಲೇಟು ತರಿಸಿದರು. ಮೂರನೇ ಹಾಡು. ಎರಡು ನಿಮಿಷ. ಎರಡು ಹತ್ತು...

ಅವರ ಹುಬ್ಬು ಮೇಲೇರಿದ್ದು ನಾನು ಸಾಯುವ ತನಕ ಮರೆಯುವುದಿಲ್ಲ.

ಟಿಕ್ ಇತ್ತು! ಸಣ್ಣದು, ಬಲ ಸ್ಪೀಕರಿನಲ್ಲಿ ಮಾತ್ರ. ಮಧ್ಯೆ ಕೂತರೆ ಎಡಗಡೆಯ ಪಿಟೀಲುಗಳು ಅದನ್ನು ಮುಚ್ಚಿಬಿಡುತ್ತವೆ. ಭೂತಗನ್ನಡಿ ಹಿಡಿದು ನೋಡಿದರು. ಹಳೆ ಅಚ್ಚು, ಹೊಸ ಅಚ್ಚು ಎರಡನ್ನೂ ತೆಗೆದದ್ದು ಒಂದೇ ತಾಯಿ ಅಚ್ಚಿನಿಂದ. ತಾಯಿಯಲ್ಲೇ ಚುಕ್ಕೆಯಷ್ಟು ಗುಂಡಿ. ಹೊಸ ಅಚ್ಚನ್ನು ಉಜ್ಜಿ ನಯ ಮಾಡಿದ್ದರಿಂದ ಸದ್ದು ತಗ್ಗಿತ್ತು, ಅಷ್ಟೇ. ಉಳಿದ ಮೆಷಿನ್ನುಗಳಿಗೆ ಬೇರೆ ತಾಯಿ, ಅವು ಸರಿ ಇವೆ. ನಾಲ್ಕನೆಯದರ ಪ್ಲೇಟುಗಳು ಇನ್ನೂ ಗೋದಾಮಿನಲ್ಲೇ ಇದ್ದವು, ಸದ್ಯ. ಎಲ್ಲ ತಡೆದರು.

ಆಮೇಲೆ ಸೂಪರ್‌ವೈಸರ್ ನೆಲ ನೋಡುತ್ತ ಅಂದರು, "ಟಿಕ್ಕೂ ನಿಜ. ರಿಪೋರ್ಟೂ ನಿಜ. ಸೋಮವಾರದಿಂದ ಕವರ್ ಸೆಕ್ಷನ್ನು. ನನ್ನ ಕೈಲಿಲ್ಲ ಕಣ್ರೀ."

ಮಾರ್ಚ್ 14, ಶನಿವಾರ

ಚರಿತ್ರೆಯ ದಿನ. ರಜೆ ಹಾಕಿ ಮಗಳ ಜೊತೆ ಪೇಟೆಗೆ ಹೋದೆ. ಹತ್ತಕ್ಕೆ ಮುಂಚೆಯೇ ಅಂಗಡಿ ಮುಂದೆ ಸಾಲು ಮೂಲೆ ದಾಟಿತ್ತು. ಒಳಗೆ ಎರಡು ಸ್ಪೀಕರು ಇಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆದಿದ್ದಾರೆ, ಅಲ್ಲಿ ನಿಂತು ಕೇಳಬೇಕು ಅಂತ. ಒಬ್ಬೊಬ್ಬರಾಗಿ ನಿಲ್ಲುತ್ತಿದ್ದರು. ಎಲ್ಲರೂ ಮೊದಲು ಎಡಕ್ಕೆ ನೋಡುವುದು, ಆಮೇಲೆ ಬಲಕ್ಕೆ, ಆಮೇಲೆ ಎದುರಿಗೆ, ಹಾಡುಗಾರ್ತಿ ಅಲ್ಲೇ ಇದ್ದಾಳೇನೋ ಎಂಬಂತೆ. ಒಬ್ಬ ಮುದುಕ ಟೋಪಿ ತೆಗೆದ. ಮಗಳು ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಇನ್ನೂರು ಸಲ ಕೇಳಿದ ಆ ನಿಟ್ಟುಸಿರು ಬಂತು, ನನ್ನ ಕಣ್ಣು ಮತ್ತೆ ತುಂಬಿತು. ಇಷ್ಟು ಜನರ ಕಿವಿಗೆ ಹೋಗುವ ಮುಂಚೆ ಇದು ನನ್ನನ್ನು ದಾಟಿ ಬಂದಿತ್ತಲ್ಲ, ಹೆಮ್ಮೆ ಅನ್ನಿಸಿತು. ಕವರ್ ಸೆಕ್ಷನ್ನೂ ನೆನಪಾಯಿತು.

ಅಕ್ಕನೂ ಬಂದಿದ್ದರು. ಪಾದದ ಗುರುತಿನ ಮೇಲೆ ನಿಲ್ಲಲಿಲ್ಲ. ಎಡ ಸ್ಪೀಕರಿನ ಹತ್ತಿರ, ಎಡಗಿವಿ ಕೊಟ್ಟು, ಗೋಡೆ ನೋಡುತ್ತ ನಿಂತಿದ್ದರು. ನಾನು ನೋಡಿದ್ದನ್ನು ಅವರೂ ನೋಡಿದರು.

"ನಾಲ್ಕು ಎಣಿಸೋದು ನಂಗೆ ಹೇಗೆ ಗೊತ್ತು ಅಂದ್ಕೊಂಡೆ?"

ನಾನು ಸುತ್ತಿ ಅವರ ಎಡಗಡೆಗೆ ಬಂದು ನಿಂತೆ.

"ಮೂರು ವರ್ಷದ ಹಿಂದೆ ಪರೀಕ್ಷೆ ಮಾಡಿದ್ರಲ್ಲ, ಆಗಲೇ ಬಲಗಿವಿ ಮಂದ. ಎಣಿಸಿ ಪಾಸಾದೆ. ಮೊನ್ನೇನೂ ಎಣಿಸಿದೆ. ನೀನು ಎಣಿಸ್ಲಿಲ್ಲ ಅಂತ ಗೊತ್ತಾದಾಗಿಂದ ನಿದ್ದೆ ಇಲ್ಲ ಕಣೇ."

ಮಾರ್ಚ್ 16, ಸೋಮವಾರ. ಹನ್ನೊಂದು ಗಂಟೆ

ಕಾರ್ಡಿನ ಹಿಂದೆ ಬರೆಯುತ್ತಿದ್ದೇನೆ, ಪುಸ್ತಕ ಮನೆಯಲ್ಲಿದೆ.

ಕವರ್ ಸೆಕ್ಷನ್ ಬಾಗಿಲಲ್ಲೇ ಅಕ್ಕ ಕಾಯುತ್ತಿದ್ದರು. ಕೈ ಹಿಡಿದು ನೇರ ಮ್ಯಾನೇಜರ್ ರೂಮಿಗೆ ಎಳೆದುಕೊಂಡು ಹೋದರು. ಬೇಡ ಅಕ್ಕಾ, ನಿಮ್ಮ ಕೆಲಸಾನೂ ಹೋಗುತ್ತೆ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

"ಸಾರ್, ನನ್ನ ಬಲಗಿವಿ ಕೇಳಲ್ಲ, ಇವಳ ಎಡಗಿವಿ ಕೇಳಲ್ಲ. ನಾನು ಸುಳ್ಳು ಹೇಳಿ ಪಾಸಾದೆ, ಇವಳು ನಿಜ ಹೇಳಿ ಫೇಲಾದಳು. ಕಳಿಸೋದಾದ್ರೆ ಇಬ್ಬರನ್ನೂ ಕಳಿಸಿ. ಇಲ್ಲಾಂದ್ರೆ ಇಬ್ಬರನ್ನೂ ಒಂದೇ ಗೂಡಲ್ಲಿ ಕೂರಿಸಿ."

ಮ್ಯಾನೇಜರ್ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. "ಒಂದು ಪ್ಲೇಟಿಗೆ ಇಬ್ಬರಾ?"

ಸೂಪರ್‌ವೈಸರ್ ಬಾಗಿಲಲ್ಲಿ ನಿಂತಿದ್ದರು. "ಮಧ್ಯೆ ಕೂತ ನಾಲ್ಕು ಜನಕ್ಕೆ ಕೇಳಿಸದ ಟಿಕ್ಕು ಸಾರ್ ಅದು. ಈ ಹೊಸ ಪ್ಲೇಟಿಗೆ ಒಂದೊಂದು ಕಡೆಗೂ ಒಬ್ಬೊಬ್ಬರು ಬೇಕು."

ಮ್ಯಾನೇಜರ್ ತಾವೇ ನನ್ನ ಗೂಡಿಗೆ ಬಂದರು. ದೋಷದ ಜಾಗ ಮೊದಲೇ ಗುರುತಾಗಿದ್ದ ಎರಡು ಪ್ಲೇಟು ತರಿಸಿದರು. ಅಕ್ಕ ಎಡಗಡೆ, ನಾನು ಬಲಗಡೆ, ಬೆನ್ನಿಗೆ ಬೆನ್ನು ಕೊಟ್ಟು. ಮೊದಲನೆಯದರಲ್ಲಿ ಅಕ್ಕ ಪೆನ್ಸಿಲ್ ಎತ್ತಿದರು. ನನಗೆ ಏನೂ ಇರಲಿಲ್ಲ. ಎರಡನೆಯದರಲ್ಲಿ ನಾನು ಎತ್ತಿದೆ. ಅಕ್ಕನಿಗೆ ಏನೂ ಇರಲಿಲ್ಲ. ಸ್ವಲ್ಪ ದೂರದಲ್ಲಿ ಮಧ್ಯಕ್ಕೆ ಕುರ್ಚಿ ಹಾಕಿ ಕೂತಿದ್ದ ಮ್ಯಾನೇಜರಿಗೆ ಎರಡರಲ್ಲೂ ಇರಲಿಲ್ಲ. ತಮ್ಮ ಪಟ್ಟಿ ತೆಗೆದು ನೋಡಿದರು. ಎರಡೂ ಸರಿ.

ಕಾರ್ಡಿನ ಕೆಳಗೆ ಸಹಿಯ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಸೂಪರ್‌ವೈಸರಿಗೆ ಅಂದರು, "ಹೊಸ ಪ್ಲೇಟು ತರಿಸ್ರಿ. ಇವತ್ತಿನ ಕೆಲಸ ಶುರುವಾಗ್ಲಿ."

ಬಂದಿದೆ. ಯಾರದ್ದೋ ಏನೋ, ಲೇಬಲ್ ಕೂಡ ಅಂಟಿಸಿಲ್ಲ. ಹೊರಗೆ ಇನ್ನೂ ಯಾರೂ ಕೇಳಿಲ್ಲ. ಅಕ್ಕನ ಬೆನ್ನು ಬೆಚ್ಚಗಿದೆ. ಪ್ಲೇಟಿನ ಮೇಲೆ ಮುಳ್ಳು ಇಳಿಯುತ್ತಿದೆ, ಉಳಿದದ್ದು ಆಮೇ—