ಗುಂಯ್ ನಿಂತ ಮೇಲೆ

ಮಾರ್ಚ್ 3, ಸೋಮವಾರ

ಮತ್ತೆ ಗುಂಯ್. ನಾನು ಕಟ್ಟಿದ ಮೈಕಿನ ಸರ್ಕ್ಯೂಟಿನಲ್ಲಿ ತಪ್ಪಿಲ್ಲ. ಗಲಾಟೆಯೆಲ್ಲ ಅಡಾಪ್ಟರಿನಿಂದ ಬರುವ ಕರೆಂಟಿನದು. ಅಕ್ಕ ಏಳು ಬೀಗದ ಪೆಟ್ಟಿಗೆಯ ಕಥೆ ಪೂರ್ತಿ ಹೇಳಿದಳು. ರೆಕಾರ್ಡಿಂಗ್ ಹಾಕಿ ಕೇಳಿದರೆ ಕಥೆಯ ತುಂಬ ದುಂಬಿ. ಅಳಿಸಿದೆ.

"ನಿನ್ನ ಯಂತ್ರಕ್ಕೂ ನನ್ನ ಹಾಗೇ ಗಂಟಲು ಕೆಟ್ಟಿದೆಯಲ್ಲೋ!" ನಕ್ಕಳು. ಕೆಮ್ಮಿದಳು.

ಶುಕ್ರವಾರ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಅಷ್ಟರೊಳಗೆ ಅವಳ ದನಿ ಹಿಡಿದಿಡಬೇಕು — ನನ್ನ ಮಗಳಿಗಾಗಿ. ಅತ್ತೆಯ ಕಥೆಯಿಲ್ಲದೆ ಅವಳು ಮಲಗಿದ್ದೇ ಇಲ್ಲ.

ಮಾರ್ಚ್ 4

ಕರೆಂಟಿನ ಏರಿಳಿತ ನುಂಗಲಿ ಎಂದು ಅಡಾಪ್ಟರಿನ ತಂತಿಗೆ ದೊಡ್ಡ ಕೆಪಾಸಿಟರ್ ಹಾಕಿದೆ. ಗುಂಯ್ ತಗ್ಗಿತು, ಹೋಗಲಿಲ್ಲ. ಅಕ್ಕ ಮತ್ತೆ ಅದೇ ಕಥೆ ಹೇಳಿದಳು. ನಡುನಡುವೆ ನೀರು ಕುಡಿಯುತ್ತಾ. ಅದನ್ನೂ ಅಳಿಸಿದೆ, ಅವಳಿಗೆ ಹೇಳದೆ.

"ಫೋನಲ್ಲೇ ಹಿಡಿಯೋ."

"ಫೋನಲ್ಲಿ ನಿನ್ನ ದನಿ ತಗಡು ಬಡಿದ ಹಾಗಿರುತ್ತೆ ಅಕ್ಕಾ."

"ಈಗೇನು ಬೆಳ್ಳಿ ಗಂಟೆಯಾ?"

ಮಾರ್ಚ್ 5, ಸಂಜೆ

ಸಿಕ್ಕಿತು! ಮೈಕಿಗೆ ಹೋಗುವ ತಂತಿಯಲ್ಲಿ ಒಂದು ರೆಸಿಸ್ಟರ್, ಅದರಾಚೆ ಗ್ರೌಂಡ್ ತಂತಿಗೆ ಇನ್ನೊಂದು ಕೆಪಾಸಿಟರ್. ಕರೆಂಟು ಬಟ್ಟೆಯಲ್ಲಿ ಸೋಸಿದ ನೀರಿನಂತಾಯಿತು. ಖಾತ್ರಿಗೆ ಕೋಣೆಯ ಮೌನ ಹಿಡಿಯಬೇಕಿತ್ತು. ಅಕ್ಕ ಬಾಯಿ ತೆರೆದಳು. "ಶ್! ಸ್ವಲ್ಪ ಸುಮ್ನಿರು" ಎಂದೆ. ಶಾಲೆಯ ಹುಡುಗಿಯಂತೆ ಕೈಕಟ್ಟಿ ಕುಳಿತಳು.

ಗುಂಯ್ ಎಲ್ಲೂ ಇಲ್ಲ!

ಅಷ್ಟರಲ್ಲಿ ಅವಳಿಗೆ ಸುಸ್ತು. ಕಥೆ ನಾಳೆ.

ಮಾರ್ಚ್ 9

ಗುರುವಾರ ನಸುಕಿನಲ್ಲೇ ಅಕ್ಕನಿಗೆ ಉಸಿರು ಕಟ್ಟಿತು. ಆಂಬುಲೆನ್ಸ್... ಆಪರೇಷನ್ ಅವತ್ತೇ ಮುಗಿಸಿದರು. ಜೀವ ಉಳಿಯಿತು. ಉಸಿರು ಈಗ ಕತ್ತಿನ ತೂತಿನಿಂದ. ತುಟಿ ಆಡುತ್ತದೆ, ದನಿಯಿಲ್ಲ.

ಇವತ್ತು ಮಗಳನ್ನು ಒಳಗೆ ಬಿಟ್ಟರು. ಮಂಚಕ್ಕೆ ಒರಗಿ ನಿಂತು, "ಅತ್ತೆ, ಜೋರಾಗಿ ಹೇಳು" ಅಂದಳು.

ಅಕ್ಕ ನನ್ನ ಕಡೆ ತಿರುಗಿದಳು. ಮುಷ್ಟಿಯನ್ನು ಮೈಕಿನಂತೆ ಬಾಯಿಯ ಮುಂದೆ ಹಿಡಿದು, ಮಗುವಿನತ್ತ ಬೆರಳು ತೋರಿಸಿದಳು. ಹಿಡಿದಿದ್ದೀಯಲ್ಲ, ಕೇಳಿಸು.

ಹೂಂ ಎಂದು ತಲೆಯಾಡಿಸಿದೆ.

ಮಾರ್ಚ್ 10

ಉಳಿದಿರುವುದು ಒಂದೇ. ಬುಧವಾರದ ಮೌನ.

ಹೆಡ್‌ಫೋನ್ ಹಾಕಿಕೊಂಡೆ. ನನ್ನ "ಶ್!". ಕುರ್ಚಿಯ ಕಿರ್. ಅಕ್ಕನ ಉಸಿರು, ಎಳೆದೆಳೆದು. ಕೊನೆಗೆ, ಕಿವಿಯ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ — "ಈಗ ಹೇಳ್ಲೇನೋ? ಒಂದೂರಲ್ಲಿ..."

ಟಕ್. ನಾನೇ ಒತ್ತಿದ ಬಟನ್.

ಮಗಳು ಹೆಡ್‌ಫೋನ್ ಕಿತ್ತುಕೊಂಡು ಕೇಳಿದಳು. ಕಣ್ಣರಳಿಸಿ, "ಆಮೇಲೆ?"

ಆಮೇಲೆ ಏಳು ಬೀಗದ ಪೆಟ್ಟಿಗೆ. ಮೊದಲ ಬೀಗದ ಕೀಲಿ ಯಾರ ಹತ್ತಿರ ಇತ್ತು? ನೆನಪಿಗೆ ಬರುತ್ತಿಲ್ಲ. ಅಕ್ಕ ಎರಡು ಸಲ ಹೇಳಿದಳು, ನನ್ನೆದುರೇ ಕೂತು. ನಾನು ಗುಂಯ್ ಒಂದನ್ನೇ ಕೇಳುತ್ತಿದ್ದೆ.