ಆಯುಧಪೂಜೆಗೆ ಕೂತ ವೇಪು

ಪ್ರೀತಿಯ ಮಾವ,

ಅಮೆರಿಕದ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನ ಕಸದ ತೊಟ್ಟಿಗಳ ಹಿಂದೆ ನಾವು ಒಬ್ಬರಿಗೊಬ್ಬರು ಸಿಕ್ಕಿಬಿದ್ದ ಸಂಜೆ ನೆನಪಿದೆಯೇ? ನಿಮ್ಮ ಕೈಯಲ್ಲೂ ಸಿಗರೇಟು, ನನ್ನ ಕೈಯಲ್ಲೂ. ಸೊಸೆಯನ್ನು ಬೈಯುವ ಸ್ಥಿತಿಯಲ್ಲಿ ನೀವಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ನಿಮ್ಮತ್ತೆಗೆ ಹೇಳ್ಬೇಡಮ್ಮ" ಅಂದಿರಿ. ನಿಮ್ಮ ಮಗನಿಗೆ ಹೇಳಬೇಡಿ ಎಂದು ನಾನೂ ಕೇಳಿಕೊಂಡೆ. ಅಲ್ಲಿಂದ ದಿನವೂ ಐದೂವರೆಗೆ ಇಬ್ಬರೂ ಕಸ ಹಾಕಲು ಹೊರಡುತ್ತಿದ್ದೆವು. ಅಷ್ಟು ಕಸ ಯಾವ ಮನೆಯಲ್ಲಿರುತ್ತದೆ?

ಸಿಗರೇಟು ಬಿಡಿಸಲು ನಿಮಗೆ ವೇಪು ತಂದುಕೊಟ್ಟವಳು ನಾನೇ. ಆ ಚಾರ್ಜು ಮಾಡುವ ಸಿಗರೇಟನ್ನು ತಿರುಗಿಸಿ ನೋಡಿ, ಬೆಂಕಿ ಎಲ್ಲಿ ಹಚ್ಚುವುದು ಎಂದು ಕೇಳಿದ್ದಿರಿ. ಕೊನೆಗೆ ನಿಮಗೆ ಕಾಫಿಯ ಜೊತೆ ಸಿಗರೇಟು, ಉಳಿದ ಹೊತ್ತಿಗೆ ವೇಪು. ನಾನೂ ಒಂದು ವೇಪು ಕೊಂಡೆ. ನನ್ನ ಸಿಗರೇಟೇನೋ ನಿಂತಿತು, ಆದರೆ ಅದೇನು ಗೆಲುವು? ಒಂದು ಸಿಗರೇಟು ಮುಗಿಯುವಷ್ಟರಲ್ಲಿ ಕಾದಂಬರಿಯ ನಾಲ್ಕು ಪುಟ ಓದಿ ಒಳಗೆ ಬರುತ್ತಿದ್ದೆ. ವೇಪು ಮುಗಿಯುವುದೇ ಇಲ್ಲ. ಪುಟ ತಿರುಗಿದಾಗಲೆಲ್ಲ ಒಂದು ದಮ್ಮು. ಕಾರಿನಲ್ಲಿ, ಬಾತ್‌ರೂಮಿನಲ್ಲಿ, ಮೀಟಿಂಗಿನ ನಡುವೆ ಕ್ಯಾಮೆರಾ ಆಫ್ ಮಾಡಿ... ಬಿಡುವ ಮನಸ್ಸು ಹತ್ತಕ್ಕೆ ಎಷ್ಟು ಎಂದು ಡಾಕ್ಟರು ಕೇಳಿದರೆ ಇಬ್ಬರೂ ಎಂಟು ಅನ್ನುತ್ತಿದ್ದೆವು. ಹೇಳುವುದು ಎಷ್ಟು ಸುಲಭ, ಅಲ್ಲವೇ?

ಒಂದು ಆಯುಧಪೂಜೆಯಲ್ಲಿ ಅತ್ತೆ ಈಳಿಗೆಮಣೆ, ಸ್ಕ್ರೂಡ್ರೈವರು, ಲ್ಯಾಪ್‌ಟಾಪಿನ ಜೊತೆ ನಿಮ್ಮ ವೇಪನ್ನೂ ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರು. ಪೂಜೆಗಿಟ್ಟದ್ದನ್ನು ಮರುದಿನ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ಪಾಪ, ಪೆನ್‌ಡ್ರೈವ್ ಅಂದುಕೊಂಡಿದ್ದಾಳೆ ಎಂದು ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಮಧ್ಯಾಹ್ನ ಅವರು ಮಲಗಿದ ಮೇಲೆ ಮೆಲ್ಲಗೆ ಎತ್ತಿಕೊಂಡೂ ಬಂದಿರಿ.

ನೀವು ತೀರಿಕೊಂಡ ವರ್ಷ ಹಬ್ಬವಿರಲಿಲ್ಲ. ಈ ಸಲ ಪೂಜೆಗೆ ಬಂದು ನೋಡಿದರೆ, ಈಳಿಗೆಮಣೆಯ ಪಕ್ಕದಲ್ಲಿ ಸೇವಂತಿಗೆ ಮುಡಿದು ಕೂತಿದೆ ನನ್ನ ವೇಪು. ಕೊಡಿ ಎಂದರೆ ಅದು ಏನೆಂದು ಹೇಳಬೇಕು. ಕಾದಂಬರಿ ಹಿಡಿದು ಕೂತೆ. ಹನ್ನೊಂದರ ಹೊತ್ತಿಗೆ ಒಂದೇ ವಾಕ್ಯವನ್ನು ಮೂರು ಸಲ ಓದಿದ್ದೆ. ಎರಡು ಗಂಟೆಗೆ ಮಗಳ ಮೇಲೆ ರೇಗಿದೆ. ಮೂರಕ್ಕೆ ಅತ್ತೆ ಮಲಗಿದರು. ಹೋಗಿ ಕೈ ಚಾಚಿದೆ. ಭಕ್ತಿ ತಡೆಯಿತು ಎಂದರೆ ಸುಳ್ಳಾಗುತ್ತದೆ. ಒಂದು ದಿನ ಇರಲಾಗದವಳು ಇನ್ನು ಯಾವಾಗ... ಎನ್ನಿಸಿ ವಾಪಸು ಬಂದು ಕೂತೆ.

ಬೆಳಿಗ್ಗೆ ಅತ್ತೆ ವೇಪಿನ ಕುಂಕುಮವನ್ನು ಸೆರಗಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು.

"ನಿಮ್ಮಾವ ಸಾಯಂಕಾಲದ ತನಕಾನೂ ತಡ್ಕೊಳ್ಲಿಲ್ಲ. ನೀನು ಪರವಾಗಿಲ್ಲ."

"ಅತ್ತೆ, ನಿಮಗೆ..."

"ನಲವತ್ತು ವರ್ಷ ಸೇದೋರ ಜೊತೆ ಸಂಸಾರ ಮಾಡಿದೀನಿ ಕಣೇ. ಬಾಯಲ್ಲಿ ಹೇಳಿದ್ರೆ ಯಾರೂ ಬಿಡಲ್ಲ. ಅದಕ್ಕೇ ದೇವರ ಮುಂದೆ ಇಟ್ಟೆ."

ಪೆನ್‌ಡ್ರೈವ್ ಅಂತೆ! ಯಾರು ಯಾರಿಗೆ ಪಾಪ ಅನ್ನಬೇಕಿತ್ತು, ಮಾವ?

ಅಂದೇ ನಿಮ್ಮ ಮಗನಿಗೂ ಹೇಳಿಬಿಟ್ಟೆ. ಅವರು, ಅಪ್ಪನಿಗೆ ಗೊತ್ತಿತ್ತಾ ಎಂದಷ್ಟೇ ಕೇಳಿದರು. ಗೊತ್ತಿತ್ತು ಅಂದೆ. ನಮ್ಮ ಒಪ್ಪಂದ ಮುರಿದದ್ದಕ್ಕೆ ಕ್ಷಮಿಸಿ.

ವೇಪು ಬಿಟ್ಟು ಇವತ್ತಿಗೆ ಆರು ವಾರ. ನಡುವೆ ಒಂದು ದಿನ ಸೋತೆ, ಅದನ್ನೂ ಅತ್ತೆಗೆ ಹೇಳಿದೆ. ಅವರು ಬೈಯಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ನಡಿ ಎಂದರು. ಈಗ ಸಂಜೆ ಇಬ್ಬರೂ ರೈಲ್ವೆ ಸ್ಟೇಷನ್ನಿನವರೆಗೆ ನಡೆದು ಬರುತ್ತೇವೆ. ದಾರಿಯುದ್ದಕ್ಕೂ ಅವರು ನಿಮ್ಮ ಮೇಲೆ ದೂರು ಹೇಳುತ್ತಾರೆ. ನಾನು ಏದುಸಿರಿಲ್ಲದೆ ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಸೊಸೆ