ಎಂಬತ್ತನಾಲ್ಕನೇ ಹಾಳೆ

ಬೈಂಡಿಂಗ್ ಅಂಗಡಿಯ ಮಹಡಿ,
ಸೋಮವಾರ, ಮಾರ್ಚ್ ೯

ನಮ್ಮ ಮನೆಯ ಪಂಡಿತನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಕಿಟಕಿಗೆ ಗಾಜು ಹಾಕಿಸಿದರೇ, ಇಲ್ಲ ಇನ್ನೂ ಹಳೇ ಪೇಪರನ್ನೇ ಅಂಟಿಸಿಕೊಂಡು ಮಲಗುತ್ತಿದ್ದೀಯೋ? ಬಿಸಿನೀರು ಕುಡಿ, ಕಿವಿ ಮುಚ್ಚಿಕೊಂಡು ಓಡಾಡು. ಇಷ್ಟು ಕೇಳಿದ್ದು ಅಕ್ಕನಾಗಿ. ಇನ್ನು ಮುಂದೆ ಬರೆಯುತ್ತಿರುವವಳು ನಿನ್ನ ‘ಮಾಹಿತಿದಾರಳು ೭’. ಗಾಬರಿಯಾಯಿತೇ? ಆಗಲಿ.

ನಿನ್ನ ಪ್ರಬಂಧದ ನಾಲ್ಕು ಪ್ರತಿಗಳು ಶನಿವಾರ ಬಂದವು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ತಮ್ಮ ದೈವಶಾಸ್ತ್ರದಲ್ಲಿ ಡಾಕ್ಟರ್ ಆಗುತ್ತಾನೆ ಎಂದು ನಮ್ಮಲ್ಲಿ ಅಂಟು ಹಚ್ಚುವ ಗೋಂದಿನ ತಾತನಿಂದ ಹಿಡಿದು ಎದುರಿನ ಕನ್ನಡಕದ ಅಂಗಡಿಯವನವರೆಗೆ ಎಲ್ಲರಿಗೂ ಸಾರಿಬಿಟ್ಟೆ. ರಟ್ಟಿಗೆ ಒಳ್ಳೆಯ ನೀಲಿ ಬಟ್ಟೆ ತೆಗೆದಿಟ್ಟೆ. ಗಿರಾಕಿಯ ಬರಹ ಓದಬಾರದು ಎಂಬುದು ನಮ್ಮ ಕಸುಬಿನ ನಿಯಮ, ನಿನಗೂ ಗೊತ್ತು. ಹೊಲಿಯುವ ಮುಂಚೆ ಹಾಳೆಗಳು ಸರಿಯಾಗಿ ಜೋಡಣೆಯಾಗಿವೆಯೇ ಎಂದು ಮೂಲೆಯ ಸಂಖ್ಯೆ ಮಾತ್ರ ನೋಡುತ್ತೇವೆ. ಇಪ್ಪತ್ತೆರಡು ವರ್ಷ ನಾನು ಆ ನಿಯಮ ಮೀರಿಲ್ಲ. ಎಂಬತ್ತೆರಡು, ಎಂಬತ್ತಮೂರು ಎಂದು ಎಣಿಸುತ್ತಾ ಬಂದವಳಿಗೆ ಎಂಬತ್ತನಾಲ್ಕರ ನಡುವೆ ನನ್ನದೇ ಮಾತು ಕಣ್ಣಿಗೆ ರಾಚಿತು: “ಏನಪ್ಪಾ, ಕಿವಿಗೆ ಹತ್ತಿ ಇಟ್ಕೊಂಡು ಕೂತಿದ್ದೀಯಾ?” ದೇವರನ್ನು ಹಾಗೆ ಗದರಿಸುವವಳು ಇನ್ನೊಬ್ಬಳು ಎಲ್ಲಿದ್ದಾಳೆ? ಅಲ್ಲೇ ಸ್ಟೂಲಿನ ಮೇಲೆ ಕುಳಿತು ಇಡೀ ಹಾಳೆ ಓದಿದೆ.

“ಮಾಹಿತಿದಾರಳು ೭ರ ಪ್ರಾರ್ಥನೆ ವಿನಿಮಯದ ಸ್ವರೂಪದ್ದು. ತಾಯಿಯ ಕಾಯಿಲೆಯ ಆರು ದಿನ ಆಕೆ ಬೇಡುತ್ತಾಳೆ, ಬಯ್ಯುತ್ತಾಳೆ. ಏಳನೆಯ ದಿನ, ಬೇಡಿದ್ದು ಸಿಗದೆಂದು ತಿಳಿದೊಡನೆ, ಪ್ರಾರ್ಥನೆಯೇ ನಿಂತುಹೋಗುತ್ತದೆ. ಅಪಕ್ವ ಭಕ್ತಿಗೆ ಇದು ಸ್ಪಷ್ಟ ಉದಾಹರಣೆ.” ಅಬ್ಬಬ್ಬಾ! ಎಷ್ಟು ಚೆನ್ನಾಗಿ ಬರೆದಿದ್ದೀಯ! ಕೆಳಗೆ ಮೂರು ಅಡಿಟಿಪ್ಪಣಿ ಬೇರೆ.

ಅಲ್ಲ ಕಣೋ, ನಾನೇನು ಬಾಟಲಿಯಲ್ಲಿ ಹಾಕಿಟ್ಟ ಹುಳುವೇ? ಹೋದ ರಜೆಯಲ್ಲಿ ಅಡುಗೆಮನೆಯಲ್ಲಿ ಎದುರು ಕೂತು, “ಅಕ್ಕಾ, ಅಮ್ಮ ಆಸ್ಪತ್ರೇಲಿದ್ದಾಗ ನೀನು ದೇವರ ಹತ್ರ ಏನಂತ ಕೇಳ್ಕೊಳ್ತಿದ್ದೆ?” ಎಂದಿದ್ದೆ. ನನ್ನ ಕರುಳು ಕರಗಿತು. ಅಮ್ಮ ಹೋಗಿ ಎರಡು ವರ್ಷವಾದ ಮೇಲಾದರೂ ಈ ಹುಡುಗನಿಗೆ ಅಳು ಬರುತ್ತಿದೆ, ಬರಲಿ, ಎಂದುಕೊಂಡು ಇದ್ದದ್ದೆಲ್ಲ ಹೇಳಿದೆ. ಉಪ್ಪಿನ ಡಬ್ಬಿಯ ಪಕ್ಕ ನಿನ್ನ ಫೋನು ಮಗುಚಿಕೊಂಡು ಮಲಗಿತ್ತು. ಅದು ಕೇಳಿಸಿಕೊಳ್ಳುತ್ತಿದೆ ಎಂದು ನನಗೇನು ಗೊತ್ತು? ಏಳನೇ ದಿನ ನಾನು ಬಾಯಿಯೇ ಬಿಡಲಿಲ್ಲ ಎಂದಾಗ ನೀನು ತಲೆಯಾಡಿಸಿ ಫೋನು ಜೇಬಿಗೆ ಹಾಕಿಕೊಂಡೆ. ಯಾಕೆ ಎಂದು ಕೇಳಲೇ ಇಲ್ಲ. ಮುನ್ನೂರು ಪುಸ್ತಕ ಓದಿದವನಿಗೆ ಯಾಕಕ್ಕಾ ಎನ್ನುವ ಒಂದು ಮಾತು ಹೊಳೆಯಲಿಲ್ಲವೇ?

ಈಗ ಕೇಳಿಸಿಕೋ. ಏಳನೇ ದಿನ ಬೆಳಿಗ್ಗೆ ಡಾಕ್ಟರು, “ಇನ್ನು ನಮ್ಮ ಕೈಲಿಲ್ಲಮ್ಮ” ಎಂದು ಹೇಳಿ ಹೋದರು. ದಿನದಂತೆ ದೇವರನ್ನು ಬಯ್ಯೋಣ ಎಂದು ನಾನು ಉಸಿರೆಳೆದುಕೊಂಡೆ. ಮಾತು ಹೊರಡಲಿಲ್ಲ. ಸಿಟ್ಟಿಗಲ್ಲ, ಮುನಿಸಿಗೂ ಅಲ್ಲ. ನನ್ನಂತೆ ಅವನ ಹತ್ತಿರವೂ ಹೇಳಲು ಏನೂ ಉಳಿದಿಲ್ಲ ಎಂದು ನನಗೆ ಅನಿಸಿತು. ಆದರೆ ಅವನು ಎದ್ದು ಹೋಗಿರಲಿಲ್ಲ. ಮಂಚದ ಆ ಕಡೆ ಅವನು, ಈ ಕಡೆ ನಾನು, ನಡುವೆ ಅಮ್ಮ. ಸಂಜೆಯವರೆಗೆ ಮೂವರೂ ಹಾಗೇ ಇದ್ದೆವು. ನನ್ನ ಜನ್ಮದಲ್ಲಿ ಅವನು ಅಷ್ಟು ಹತ್ತಿರ ಬಂದದ್ದು ಅದೊಂದೇ ದಿನ, ಅದನ್ನೇ ನೀನು ನಿಂತುಹೋಯಿತು ಎಂದು ಬರೆದೆ!

ಓದಬೇಡ ಎನ್ನುತ್ತಿಲ್ಲ. ಓದಿಸಿದವಳೇ ನಾನು. ದೇವರ ವಿಷಯದ ದಪ್ಪ ದಪ್ಪ ಪುಸ್ತಕಗಳು ರಿಪೇರಿಗೆ ಬಂದಾಗ, ಇಷ್ಟು ಜನ ಇಷ್ಟು ಕಷ್ಟಪಟ್ಟು ಯೋಚಿಸಿದ್ದಾರಲ್ಲ ಎಂದು ನನಗೆ ಗೌರವವೇ ಬರುತ್ತದೆ. ಆದರೆ ಅವರೆಲ್ಲ ತಾವು ಮಂಡಿಯೂರಿದ ಮೇಲೆ ಬರೆದಿರಬೇಕು ಎಂದುಕೊಂಡಿದ್ದೆ. ನೀನು ಆ ಏಳು ದಿನವೂ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಪ್ರಾರ್ಥನೆಯ ಇತಿಹಾಸ ಓದುತ್ತಿದ್ದೆ. ಕರೆದರೆ, “ಈ ಅಧ್ಯಾಯ ಮುಗಿಸಿ ಬರ್ತೀನಿ” ಎಂದೆ. ನಾನು ಒಂದು ಮಾತು ಆಡಿದೆನೇ?

ಹೆಸರು ಹಾಕಿಲ್ಲ, ಮರ್ಯಾದೆ ಹೋಗಿಲ್ಲ. ನನ್ನ ಸಿಟ್ಟು ಅದಕ್ಕಲ್ಲ. ಶನಿವಾರದಿಂದ ನನಗೆ ದೇವರ ಹತ್ತಿರ ಮಾತಾಡಲು ಆಗುತ್ತಿಲ್ಲ. ಸೂಜಿಗೆ ದಾರ ಪೋಣಿಸುತ್ತಾ ದಿನವೂ ಒಂದಿಷ್ಟು ಜಗಳ ಆಡುತ್ತಿದ್ದೆನಲ್ಲ, ಈಗ “ಏನಪ್ಪಾ” ಎಂದ ಕೂಡಲೇ ಬೆನ್ನ ಹಿಂದೆ ಯಾರೋ ಬರೆದುಕೊಳ್ಳುತ್ತಿದ್ದಾರೆ ಎನಿಸುತ್ತದೆ. ಅಪಕ್ವ, ವಿನಿಮಯ ಎಂದು ನಾನೇ ನನಗೆ ಅಂಕ ಹಾಕಿಕೊಳ್ಳುತ್ತೇನೆ. ನಾಚಿಕೆಯಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಗೋಂದಿನ ತಾತ ಕೂಡ, “ಏನಮ್ಮಾ, ಗೊಣಗಾಟ ಕೇಳ್ತಾನೇ ಇಲ್ಲ, ಮೈ ಸರಿಯಿಲ್ವಾ?” ಎಂದ. ಅಮ್ಮ ಹೋದಾಗಲೂ ನಿಲ್ಲದೇ ಇದ್ದದ್ದು ನಿನ್ನ ಒಂದು ಹಾಳೆಗೆ ನಿಂತಿದೆ ಕಣೋ. ನನ್ನ ಮಾತು ನನಗೆ ವಾಪಸ್ಸು ಕೊಡು.

ಮನೆಯಲ್ಲಿ ಉಳಿದದ್ದೆಲ್ಲ ಸರಿಯಾಗಿದೆ. ನಿನ್ನ ಎದೆಯ ಕಫ ಕರಗಲಿ, ಬುದ್ಧಿಯೂ ಸ್ವಲ್ಪ ಕರಗಲಿ. ನೂರು ಕಾಲ ಬಾಳು.

ಸಿಟ್ಟು ಇನ್ನೂ ಇಳಿಯದ
ನಿನ್ನ ಅಕ್ಕ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಈ ಕವರಿನಲ್ಲಿರುವುದು ನಿನ್ನ ಎಂಬತ್ತನಾಲ್ಕನೇ ಹಾಳೆ, ನಾಲ್ಕೂ ಪ್ರತಿಗಳದ್ದು. ಗಿರಾಕಿಯ ಹಾಳೆ ನಾನು ತೆಗೆದದ್ದು ಇದೇ ಮೊದಲು. ಉಳಿದದ್ದು ಹೊಲಿಯದೆ ಭಾರದ ಕೆಳಗಿದೆ. ಶುಕ್ರವಾರ ಪ್ರಬಂಧ ಒಪ್ಪಿಸಬೇಕು ಎಂದು ನೀನು ಹೇಳಿದ್ದೆ, ಗುರುವಾರ ನೀನೇ ಹೊಸ ಹಾಳೆ ತೆಗೆದುಕೊಂಡು ಬಾ. ನನ್ನ ವಿಷಯ ತಿದ್ದುವುದು ಬೇಡ. ಆಮೇಲೆ ಉಳಿದ ಹಾಳೆಗಳನ್ನೂ ತಿರುವಿ ನೋಡಿದೆ: ಏಳು ಜನರ ಪ್ರಾರ್ಥನೆ ಬರೆದಿದ್ದೀಯ, ನಿನ್ನದು ಎಲ್ಲೂ ಇಲ್ಲ. ಆ ಬೆಂಚಿನ ಮೇಲೆ ಏಳು ದಿನ ನೀನು ಒಂದೇ ಪುಟ ತೆರೆದಿಟ್ಟುಕೊಂಡು ಕೂತಿದ್ದೆ, ಬಾಗಿಲ ಸಂದಿಯಿಂದ ನೋಡಿದ್ದೇನೆ. ಅದನ್ನು ಬರೆ. ಬರೆಯಲು ಆಗದಿದ್ದರೆ ಮೂಲೆಯಲ್ಲಿ ೮೪ ಎಂದಷ್ಟೇ ಹಾಕಿ ಖಾಲಿ ಹಾಳೆ ತಾ. ಅದನ್ನೇ ಹೊಲಿಯುತ್ತೇನೆ.